ಉಂಡೆದ್ದ ಮೇಲೆ ಉಳಿದದ್ದು: ಷೇರುದಾರರ ಸೂತ್ರವೊಂದಕ್ಕೆ ಟೀಕೆ

ಮೂಲ:

ಗಣಿ ಹೋಯಿತು, ಹಕ್ಕು ಹೋಗಲಿಲ್ಲ.
ತೀರ್ಪು ಬಂತು, ದುಡ್ಡು ಬರಲಿಲ್ಲ.
ಮುಂದಿನವರು ಉಂಡೆದ್ದ ಮೇಲೆ ಉಳಿದದ್ದು ನಮ್ಮದು.
ಕಾಗದ ಕೈಯಲ್ಲಿರಲಿ.

ಈ ನಾಲ್ಕು ಸಾಲು ಯಾವ ಒಬ್ಬರ ಬಾಯಿಂದಲೂ ಬಂದದ್ದಲ್ಲ. ಕ್ರಿಸ್ಟಲೆಕ್ಸ್ ಎಂಬ ಕೆನಡಾದ ಗಣಿ ಕಂಪನಿಗೂ ವೆನೆಜುವೆಲಾ ಸರ್ಕಾರಕ್ಕೂ ಲಾಸ್ ಕ್ರಿಸ್ಟಿನಾಸ್ ಎಂಬ ಚಿನ್ನದ ನೆಲದ ಸಲುವಾಗಿ ನಡೆದ ವ್ಯಾಜ್ಯದಲ್ಲಿ ಕಂಪನಿಯ ಷೇರು ಹಿಡಿದವರು ಯಾವ ಯಾವ ಊಹೆಗಳನ್ನು ಊರುಗೋಲು ಮಾಡಿಕೊಳ್ಳಬೇಕಾಯಿತೋ ಅವನ್ನು ಒಟ್ಟುಮಾಡಿ, ಸೂತ್ರದ ಅಳತೆಗೆ ಇಳಿಸಿ, ಇಲ್ಲಿ ಮೂಲವೆಂದು ಇಟ್ಟಿದೆ. ಸೂತ್ರವೆಂದರೆ ಅಲ್ಪಾಕ್ಷರದಲ್ಲಿ ಬಹ್ವರ್ಥವನ್ನು ಕಟ್ಟಿಟ್ಟ ಮಾತು. ಕಟ್ಟಿಟ್ಟದ್ದನ್ನು ಬಿಚ್ಚುವುದೇ ಟೀಕೆಯ ಕೆಲಸ. ಈ ಸೂತ್ರದಲ್ಲಿ ಸುಳ್ಳಾದ ಪದ ಒಂದೂ ಇಲ್ಲ. ಹಾಗಿದ್ದೂ ಇದನ್ನು ನಂಬಿ ಕುಳಿತವರ ಕೈ ಏಕೆ ಬರಿದಾಗಿ ಉಳಿಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪದಪದವಾಗಿ ಸಾಗತಕ್ಕದ್ದು.

‘ಗಣಿ’. ಅಗೆದು ಅದಿರು ತೆಗೆಯುವ ತಾಣ ಎಂಬುದು ಲೋಕರೂಢಿಯ ಅರ್ಥ. ಮೂಲದಲ್ಲಿ ಆ ಅರ್ಥವು ಕೂಡುವುದಿಲ್ಲ. ಏಕೆಂದರೆ ಕ್ರಿಸ್ಟಲೆಕ್ಸ್ ಈ ನೆಲದಲ್ಲಿ ಗಣಿಯನ್ನು ಕಟ್ಟಿ ನಡೆಸಲೇ ಇಲ್ಲ. ಲಾಸ್ ಕ್ರಿಸ್ಟಿನಾಸ್ ಇರುವುದು ವೆನೆಜುವೆಲಾದ ಆಗ್ನೇಯಕ್ಕೆ, ಬೊಲಿವರ್ ರಾಜ್ಯದ ಕಾಡುನಾಡಿನಲ್ಲಿ, ‘ಕಿಲೋಮೀಟರ್ 88’ ಎಂದು ಮೈಲಿಗಲ್ಲಿನ ಹೆಸರನ್ನೇ ಊರ ಹೆಸರಾಗಿ ಹೊತ್ತ ನೆಲೆಯ ಬಳಿ. ನೆಲದಡಿಯಲ್ಲಿ ತೆಗೆಯಲು ಯೋಗ್ಯವಾದ ಚಿನ್ನವು 1 ಕೋಟಿ 68 ಲಕ್ಷ ಔನ್ಸಿಗೂ ಮೇಲೆ ಎಂದು ಕಂಪನಿಯ ಲೆಕ್ಕ. ಚಿನ್ನದ ತೂಕದಲ್ಲಿ ಒಂದು ಔನ್ಸು ಸುಮಾರು 31.1 ಗ್ರಾಂ ಆದ್ದರಿಂದ ಒಟ್ಟು 520 ಟನ್ನಿಗೂ ಹೆಚ್ಚಾಯಿತು. ಮೇಲೆ ಕಾಡು, ಹೊಂಡ, ಪಾದರಸವಿಟ್ಟು ಚಿನ್ನ ಸೋಸುವ ಸಣ್ಣ ಗಣಿಗಾರರ ಗುಡಿಸಲು; ಕೆಳಗೆ ಕೊರೆಯುವ ಯಂತ್ರ ಮೇಲೆತ್ತಿ ತೋರಿಸಿದ ಕಲ್ಲಿನ ತುಂಡುಗಳಿಂದ ಕಟ್ಟಿದ ಅಂಕಿ. ಷೇರುದಾರನು ಗಣಿಯೆಂದು ಕರೆಯುವುದು ಆ ಅಂಕಿಯನ್ನು. ಆದ್ದರಿಂದ ಇಲ್ಲಿ ‘ಗಣಿ’ ಎಂದರೆ ಆಗಬೇಕಾಗಿದ್ದ ಗಣಿ ಎಂದರ್ಥ. ಭವಿಷ್ಯತ್ತನ್ನು ವರ್ತಮಾನದ ನಾಮಪದದಿಂದ ಕರೆಯುವ ಈ ಲಕ್ಷಣೆಯಿಂದಲೇ ಊಹೆ ಮೊದಲಾಗುತ್ತದೆ.

‘ಹೋಯಿತು’. ಇದು ಅಕರ್ಮಕ ಕ್ರಿಯಾಪದ. ಕಳೆದುಹೋದದ್ದಕ್ಕೂ ಕಳುವಾದದ್ದಕ್ಕೂ ಜೀವ ಬಿಟ್ಟದ್ದಕ್ಕೂ ಕನ್ನಡದಲ್ಲಿ ಈ ಒಂದೇ ಪದ ಸಲ್ಲುತ್ತದೆ. ಯಾರು ಒಯ್ದರು, ಯಾವಾಗ ಒಯ್ದರು ಎಂಬುದನ್ನು ಇದು ಹೇಳುವುದಿಲ್ಲ. ವ್ಯಾಜ್ಯ ನಿಂತದ್ದು ಮಾತ್ರ ಅದೇ ಎರಡು ಪ್ರಶ್ನೆಗಳ ಮೇಲೆ. ಅದೆಂತೆಂದರೆ: ವೆನೆಜುವೆಲಾದ ಗ್ವಾಯಾನಾ ಸೀಮೆಯ ಸರ್ಕಾರಿ ನಿಗಮವು 2002ರ ಸೆಪ್ಟೆಂಬರಿನಲ್ಲಿ ಕ್ರಿಸ್ಟಲೆಕ್ಸಿಗೆ ಗಣಿ ನಡೆಸುವ ಕರಾರು ಬರೆದುಕೊಟ್ಟಿತು. ಪರಿಸರ ಸಚಿವಾಲಯವು 2007ರ ಮೇ ತಿಂಗಳಲ್ಲಿ ಭದ್ರತಾ ಬಾಂಡ್ ಇಡಿ, ತೆರಿಗೆ ಕಟ್ಟಿ ಎಂದು ಪತ್ರ ಕಳಿಸಿತು. ಪರವಾನಗಿ ಬಾಗಿಲಲ್ಲೇ ನಿಂತಿದೆ ಎಂದು ಷೇರುಪೇಟೆ ಹಿಗ್ಗಿತು. 2008ರ ಏಪ್ರಿಲ್ 14ರಂದು ಅದೇ ಸಚಿವಾಲಯ ಇಮಟಾಕಾ ಮೀಸಲು ಅರಣ್ಯದ ಹಾನಿಯನ್ನೂ ಮೂಲನಿವಾಸಿಗಳ ಹಿತವನ್ನೂ ಎತ್ತಿಹೇಳಿ ಪರವಾನಗಿ ನಿರಾಕರಿಸಿತು. ಸುದ್ದಿ ಹೊರಬಿದ್ದ ದಿನ ಷೇರಿನ ಬೆಲೆ ನೆಲಕಚ್ಚಿತು. ಕರಾರು ಮಾತ್ರ ಕಾಗದದ ಮೇಲೆ ಇನ್ನೂ ಸುಮಾರು ಮೂರು ವರ್ಷ ಬದುಕಿತ್ತು. ನಿಗಮವು ಅದನ್ನು ರದ್ದು ಮಾಡಿದ್ದು 2011ರ ಫೆಬ್ರವರಿ 3ರಂದು.

ಹಾಗಾದರೆ ಗಣಿ ‘ಹೋದ’ ದಿನ ಯಾವುದು? ಕರಾರು ಮುರಿದ ದಿನವೆಂದು ಲೋಕ ಹೇಳೀತು. ವ್ಯಾಜ್ಯವನ್ನು ಮುಂದೆ ತೀರ್ಮಾನಿಸಿದ ಅಂತರರಾಷ್ಟ್ರೀಯ ಪಂಚರು ಹಾಗೆ ಹೇಳಲಿಲ್ಲ. ನಷ್ಟವನ್ನು ಅಳೆಯಲು ಅವರು ಆರಿಸಿದ್ದು 2008ರ ಏಪ್ರಿಲ್ 13, ಅಂದರೆ ನಿರಾಕರಣೆಯ ಹಿಂದಿನ ದಿನ. ಮನೆ ಸುಟ್ಟ ನಷ್ಟವನ್ನು ಬೂದಿ ನೋಡಿ ಅಳೆಯುವುದಿಲ್ಲ, ಬೆಂಕಿ ಬೀಳುವ ಮುಂಚಿನ ಮನೆಯನ್ನು ನೆನೆದು ಅಳೆಯುತ್ತಾರೆ, ಇದೂ ಹಾಗೆಯೇ. ‘ಹೋಯಿತು’ ಎಂಬ ಭೂತಕಾಲದಲ್ಲಿ ಅಡಗಿದ ಈ ದಿನ ಮುಂದೆ ಎರಡನೆಯ ಸಾಲನ್ನು ಬಿಡಿಸುವಾಗ ಬೇಕಾಗುತ್ತದೆ.

‘ಹಕ್ಕು’. ಇದು ಸೂತ್ರದ ಅತ್ಯಂತ ಭಾರವಾದ ಪದ. ಇಲ್ಲಿ ಮೂರು ಬೇರೆ ಬೇರೆ ಹಕ್ಕುಗಳು ಒಂದೇ ಅಂಗಿ ತೊಟ್ಟು ನಿಂತಿವೆ. ಮೊದಲನೆಯದು ಚಿನ್ನದ ಒಡೆತನ. ಅದು ಎಂದೂ ಕಂಪನಿಯದಾಗಿರಲಿಲ್ಲ. ನೆಲದಡಿಯ ಖನಿಜ ಗಣರಾಜ್ಯಕ್ಕೆ ಸೇರಿದ್ದು. ಎರಡನೆಯದು ಅಗೆದು ನಡೆಸುವ ಹಕ್ಕು. 2002ರ ಕರಾರು ಕೊಟ್ಟದ್ದು ಇದನ್ನು, ಅದೂ ಪರವಾನಗಿಗಳು ದೊರೆತರೆ. ಮೂರನೆಯದು ಕೇಳುವ ಹಕ್ಕು. ಕೆನಡಾ ಮತ್ತು ವೆನೆಜುವೆಲಾ 1996ರಲ್ಲಿ ಮಾಡಿಕೊಂಡ ಹೂಡಿಕೆ ಒಪ್ಪಂದವು, ಒಂದು ದೇಶದ ಹೂಡಿಕೆದಾರನನ್ನು ಇನ್ನೊಂದು ದೇಶ ನ್ಯಾಯ ತಪ್ಪಿ ನಡೆಸಿಕೊಂಡರೆ, ಇಲ್ಲವೆ ಪರಿಹಾರ ಕೊಡದೆ ಅವನ ಸೊತ್ತನ್ನು ವಶಪಡಿಸಿಕೊಂಡರೆ, ಅಂತರರಾಷ್ಟ್ರೀಯ ಪಂಚಾಯ್ತಿಯ ಮುಂದೆ ಹೋಗಬಹುದೆಂದು ಹೇಳಿತ್ತು. ಎರಡನೆಯ ಹಕ್ಕು ಸತ್ತಾಗ ಮೂರನೆಯದು ಹುಟ್ಟುತ್ತದೆ. ‘ಹಕ್ಕು ಹೋಗಲಿಲ್ಲ’ ಎಂಬ ನಿಷೇಧಕ್ಕೆ ಇದೇ ಅರ್ಥ: ಅಗೆಯುವ ಹಕ್ಕು ಕೇಳುವ ಹಕ್ಕಾಗಿ ವೇಷ ಬದಲಿಸಿತು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಕೇಳುವ ಹಕ್ಕು ಉಳಿಯಿತು, ಸರಿ, ಉಳಿದದ್ದು ಯಾರಿಗೆ? ಷೇರುದಾರನು ತನಗೆ ಎಂದುಕೊಳ್ಳುತ್ತಾನೆ. ಕಾನೂನಿನ ಕಣ್ಣಿಗೆ ಕಂಪನಿ ಬೇರೊಂದು ವ್ಯಕ್ತಿ, ಷೇರುದಾರ ಬೇರೊಂದು ವ್ಯಕ್ತಿ. ಬಾರ್ಸಿಲೋನಾ ಟ್ರ್ಯಾಕ್ಷನ್ ಎಂಬ ಹೆಸರಾಂತ ಮೊಕದ್ದಮೆಯಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ 1970ರಲ್ಲಿ ಇದನ್ನು ಗಟ್ಟಿಮಾಡಿತು. ಆ ಕಂಪನಿಯೂ ಕೆನಡಾದ್ದೇ. ಪೆಟ್ಟು ಬಿದ್ದದ್ದು ಸ್ಪೇನಿನಲ್ಲಿ. ಷೇರುಗಳು ಬಹುಪಾಲು ಇದ್ದದ್ದು ಬೆಲ್ಜಿಯಂ ಜನರ ಕೈಯಲ್ಲಿ. ಅವರ ಪರವಾಗಿ ಬೆಲ್ಜಿಯಂ ವಾದಕ್ಕೆ ಬಂದಾಗ, ಕೆಡುಕಾದದ್ದು ಕಂಪನಿಯ ಹಕ್ಕಿಗೆ, ಷೇರುದಾರರಿಗೆ ತಟ್ಟಿದ್ದು ಹಿತಕ್ಕೆ ಮಾತ್ರ ಎಂದು ನ್ಯಾಯಾಲಯ ಅವೆರಡನ್ನೂ ಬೇರ್ಪಡಿಸಿತು. ಹಕ್ಕು ಬೇರೆ, ಹಿತ ಬೇರೆ. ಹಿತವೆಂದರೆ ನೆರಳಿನಂಥದು: ಮರ ಇರುವಷ್ಟು ಕಾಲ, ಬಿಸಿಲು ಆ ಕಡೆ ಇರುವಷ್ಟು ಹೊತ್ತು. ಮುಂದಿನ ದಶಕಗಳ ಹೂಡಿಕೆ ಒಪ್ಪಂದಗಳಲ್ಲಿ ಅನೇಕವು ಷೇರನ್ನೂ ಹೂಡಿಕೆಯೆಂದೇ ಎಣಿಸಿ ಈ ಕಟ್ಟನ್ನು ಸಡಿಲಿಸಿದವು, ನಿಜ. ಆದರೂ ಲಾಸ್ ಕ್ರಿಸ್ಟಿನಾಸ್ ವ್ಯಾಜ್ಯದಲ್ಲಿ ವಾದಿ ಕ್ರಿಸ್ಟಲೆಕ್ಸ್ ಒಂದೇ. ಸಾವಿರಾರು ಕೈಗಳಲ್ಲಿ ಹಂಚಿಹೋದ ಅದರ ಷೇರು ಹಿಡಿದವರು ವ್ಯಾಜ್ಯದ ಒಳಗೆ ಇರಲಿಲ್ಲ, ಅದರ ನೆರಳಿನಲ್ಲಿದ್ದರು.

‘ಹೋಗಲಿಲ್ಲ’. ಹೀಗೆ ಹೇಳಲು ಬಾರದವರೂ ಇದ್ದರೆಂಬುದನ್ನು ಗಮನಿಸತಕ್ಕದ್ದು. ಇದೇ ನೆಲದಲ್ಲಿ ಮೊದಲು ಸರ್ಕಾರಿ ನಿಗಮದ ಪಾಲುದಾರನಾಗಿದ್ದದ್ದು ಪ್ಲೇಸರ್ ಡೋಮ್ ಎಂಬ ದೊಡ್ಡ ಕಂಪನಿ. ಅದು 2001ರಲ್ಲಿ ತನ್ನ ಪಾಲನ್ನು ವನೆಸಾ ವೆಂಚರ್ಸ್ ಎಂಬ ಸಣ್ಣ ಕಂಪನಿಗೆ ಹೆಸರಿಗೆ ಮಾತ್ರದ ಬೆಲೆಗೆ ಮಾರಿ ಹೊರಟಿತು. ವನೆಸಾ ಕೂಡ ವೆನೆಜುವೆಲಾದ ಮೇಲೆ ಪಂಚಾಯ್ತಿ ಹೂಡಿತು. 2013ರಲ್ಲಿ ಪಂಚರು ತಮಗೆ ವಿಚಾರಣಾಧಿಕಾರವೇ ಇಲ್ಲವೆಂದು ಅದನ್ನು ತಳ್ಳಿಹಾಕಿದರು. ಕ್ರಿಸ್ಟಲೆಕ್ಸ್ ತಾನೇ 1997ರಲ್ಲಿ ಮಾಯೆಲ್ ಎಂಬ ಸ್ಥಳೀಯ ಸಂಸ್ಥೆಯ ಮೂಲಕ ಕ್ರಿಸ್ಟಿನಾಸ್ 4 ಮತ್ತು 6 ಎಂಬ ತುಂಡುನೆಲಗಳ ಮೇಲೆ ಹಕ್ಕು ಸಾಧಿಸಲು ಹೊರಟು, 1998ರಲ್ಲಿ ವೆನೆಜುವೆಲಾದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಿತ್ತು. ಒಂದೇ ಮಣ್ಣಿನ ಮೇಲೆ ಕಟ್ಟಿದ ಮೂರು ಊಹೆಗಳಲ್ಲಿ ಎರಡು ಬಿದ್ದವು, ಒಂದು ನಿಂತಿತು.

‘ತೀರ್ಪು’. ತೀರು ಎಂಬ ಧಾತುವಿನಿಂದ ಬಂದದ್ದು: ಮುಗಿಯುವುದು, ಸಲ್ಲುವುದು, ಸಾಲ ಸಂದಾಯವಾಗುವುದು. ‘ಸಾಲ ತೀರಿತು’ ಎನ್ನುವಾಗಲೂ ಇದೇ ಧಾತು. ಪದದೊಳಗೇ ಸಂದಾಯದ ಭರವಸೆ ಇದೆ; ಕೇಳಿದವನ ಕಿವಿ ಅದನ್ನು ಹಿಡಿದರೆ ಅವನ ತಪ್ಪಲ್ಲ. ತೀರ್ಪು ಹೊರಬಂದದ್ದು 2016ರ ಏಪ್ರಿಲ್ 4ರಂದು, ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ, ಹೂಡಿಕೆ ವ್ಯಾಜ್ಯಗಳನ್ನು ಬಗೆಹರಿಸುವ ಕೇಂದ್ರದಲ್ಲಿ. ವ್ಯಾಜ್ಯ ಹೂಡಿದಾಗ ಆ ಕೇಂದ್ರದ ಮೂಲ ಒಡಂಬಡಿಕೆಗೆ ಕೆನಡಾ ಇನ್ನೂ ಸೇರಿರಲಿಲ್ಲವಾಗಿ, ಸದಸ್ಯರಲ್ಲದವರಿಗೆಂದು ಇರಿಸಿದ ಹೆಚ್ಚುವರಿ ನಿಯಮಾವಳಿಯ ಅಡಿಯಲ್ಲಿ ವಿಚಾರಣೆ ನಡೆದಿತ್ತು. ಮೂವರು ಪಂಚರು. ವೆನೆಜುವೆಲಾ ನ್ಯಾಯೋಚಿತವಾಗಿ ನಡೆದುಕೊಳ್ಳಲಿಲ್ಲ, ಪರಿಹಾರವಿಲ್ಲದೆ ಸೊತ್ತನ್ನು ವಶಪಡಿಸಿಕೊಂಡಿತು ಎಂದು ಅವರು ಕಂಡುಕೊಂಡರು. ಕಂಪನಿ ಕೇಳಿದ್ದು 316 ಕೋಟಿ ಡಾಲರ್. ಅವರು ವಿಧಿಸಿದ್ದು 120.2 ಕೋಟಿ ಡಾಲರ್, ಬಡ್ಡಿ ಬೇರೆ.

ಈ 120.2 ಕೋಟಿ ಎಲ್ಲಿಂದ ಬಂತು ಎಂಬುದನ್ನು ನಿಧಾನವಾಗಿ ಬಿಡಿಸಬೇಕು, ಏಕೆಂದರೆ ಸೂತ್ರದ ಮರ್ಮ ಇಲ್ಲಿದೆ. ಅಗೆಯದೇ ಇದ್ದ ಗಣಿಗೆ ಬೆಲೆ ಕಟ್ಟುವುದು ಹೇಗೆ? ಪಂಚರು ಎರಡು ದಾರಿಗಳನ್ನು ಒಪ್ಪಿ ಅವೆರಡರ ಸರಾಸರಿಯನ್ನು ತೆಗೆದರು. ಒಂದು ದಾರಿ, ಅಂಥದೇ ಬೇರೆ ಚಿನ್ನದ ಕಂಪನಿಗಳಿಗೆ ಪೇಟೆ ಎಷ್ಟು ಬೆಲೆ ಕಟ್ಟಿದೆ ಎಂದು ಹೋಲಿಸುವುದು. ಇನ್ನೊಂದು ದಾರಿ, ಸರ್ಕಾರದ ಅಡ್ಡಿ ತಟ್ಟುವ ಮುಂಚೆ ಕ್ರಿಸ್ಟಲೆಕ್ಸಿನ ಸ್ವಂತ ಷೇರಿಗೆ ಪೇಟೆಯಲ್ಲಿದ್ದ ಬೆಲೆಯನ್ನು ಹಿಡಿದು, ಚಿನ್ನದ ಕಂಪನಿಗಳ ಷೇರುಗಳು ಒಟ್ಟಾಗಿ ಏರಿಳಿದಂತೆ ಅದನ್ನೂ ಸರಿಸಿ, ಮೊದಲು ಹೇಳಿದ ಏಪ್ರಿಲ್ 13ಕ್ಕೆ ತರುವುದು. ಷೇರಿನ ಬೆಲೆ ಎಂದರೇನು? ಕೊಂಡವರ ಮತ್ತು ಮಾರಿದವರ ಊಹೆಗಳು ಒಂದು ಕ್ಷಣ ಎದುರುಬದುರಾಗಿ ನಿಂತ ಜಾಗ. ಟೊರಾಂಟೊ ಪೇಟೆಯಲ್ಲಿ ಮನೆಯ ಉಳಿತಾಯವನ್ನು ಈ ಷೇರಿಗೆ ಹಾಕಿದ ನಿವೃತ್ತನ ಆಸೆಯೂ ಅದರಲ್ಲಿ ಒಂದು ಪೈಸೆಯಷ್ಟು ಸೇರಿತ್ತು. ಪಂಚರು ಆ ಊಹೆಯನ್ನು ಗಾಳಿಮಾತೆಂದು ತಳ್ಳಲಿಲ್ಲ, ಪ್ರಮಾಣವೆಂದು ಎತ್ತಿಕೊಂಡರು. ರಾಜ್ಯವೊಂದು ತೆರಬೇಕಾದ ದಂಡವನ್ನು ಅಳೆದ ಕೋಲು ಷೇರುದಾರರ ಊಹೆಯಿಂದ ಕಡೆದದ್ದು. ಅವರ ನಂಬಿಕೆ ಭ್ರಮೆಯಾಗಿತ್ತು ಎನ್ನುವವರಿಗೆ ಇದಕ್ಕಿಂತ ಬಲವಾದ ಸಮಾಧಾನ ಬೇಕಿಲ್ಲ.

‘ಬಂತು’. ತೀರ್ಪು ಬಂತು, ಬಂದದ್ದು ಕಂಪನಿಯ ಕೈಗೆ.

‘ದುಡ್ಡು’. ಧನ, ಹಣ, ಸಂಪತ್ತು ಎಂಬ ಪದಗಳಿರಲು ಮೂಲವು ದುಡ್ಡು ಎಂದೇ ಏಕೆ ಹೇಳಿತು? ದುಡ್ಡು ಹಿಂದೆ ತಾಮ್ರದ ಸಣ್ಣ ನಾಣ್ಯದ ಹೆಸರು. ಎಣಿಸಿ ಸೆರಗಿಗೆ ಗಂಟು ಹಾಕಿಕೊಳ್ಳುವಂಥದು. ಡಿಕ್ರಿಯಲ್ಲಿ ಬರೆದ ಅಂಕಿ ದುಡ್ಡಲ್ಲ. ನಮ್ಮ ಕೋರ್ಟುಗಳಲ್ಲಿ ಹೇಗೆ ಡಿಕ್ರಿಯಾದ ಮೇಲೆ ಅಮಲ್ಜಾರಿಗೆ ಬೇರೆ ಅರ್ಜಿ ಹಾಕಬೇಕೋ ಹಾಗೆಯೇ ಇಲ್ಲಿಯೂ. ಆದರೆ ಸೋತವನು ಒಂದು ದೇಶ. ದೇಶದ ಮನೆಗೆ ಅಮೀನನು ಹೋಗಿ ಪಾತ್ರೆಪಗಡೆ ಜಫ್ತಿ ಮಾಡಲಾರ. ಸಾರ್ವಭೌಮತ್ವ ಅಡ್ಡ ನಿಲ್ಲುತ್ತದೆ. ಆದ್ದರಿಂದ ಗೆದ್ದವನು ಆ ದೇಶದ ಸೊತ್ತು ಹೊರನಾಡಿನಲ್ಲಿ ಎಲ್ಲಿ, ಯಾವ ವೇಷದಲ್ಲಿದೆ ಎಂದು ಹುಡುಕಬೇಕು. ಕ್ರಿಸ್ಟಲೆಕ್ಸಿನ ವಕೀಲರು ಅದನ್ನು ಕಂಡದ್ದು ಅಮೆರಿಕದ ಪೆಟ್ರೋಲ್ ಬಂಕುಗಳ ಹಿಂದೆ.

ಸಿಟ್ಗೋ ಎಂಬುದು ಅಮೆರಿಕದ ತೈಲ ಸಂಸ್ಕರಣಾ ಕಂಪನಿ. ಲೂಸಿಯಾನಾ, ಟೆಕ್ಸಾಸ್, ಇಲಿನಾಯ್ ರಾಜ್ಯಗಳಲ್ಲಿ ಅದರ ಮೂರು ಸಂಸ್ಕರಣಾಗಾರಗಳಿವೆ. ಅದರ ಒಡೆತನವನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರೆ ಡೆಲವೇರ್ ರಾಜ್ಯದಲ್ಲಿ ನೋಂದಣಿಯಾದ ಪಿಡಿವಿ ಹೋಲ್ಡಿಂಗ್ ಸಿಗುತ್ತದೆ. ಅದರ ಮೇಲೆ ಪಿಡಿವಿಎಸ್‌ಎ, ಎಂದರೆ ವೆನೆಜುವೆಲಾದ ಸರ್ಕಾರಿ ತೈಲ ಕಂಪನಿ. ಅದರ ಮೇಲೆ ಗಣರಾಜ್ಯ. ಸಾಲ ಗಣರಾಜ್ಯದ್ದು, ಸೊತ್ತು ಪಿಡಿವಿಎಸ್‌ಎಯದು. ಒಬ್ಬರ ಸಾಲಕ್ಕೆ ಇನ್ನೊಬ್ಬರ ಸೊತ್ತನ್ನು ಮುಟ್ಟಬಹುದೆ? ಡೆಲವೇರಿನ ನ್ಯಾಯಾಧೀಶ ಲಿಯೊನಾರ್ಡ್ ಸ್ಟಾರ್ಕ್ 2018ರ ಆಗಸ್ಟಿನಲ್ಲಿ ಇವೆರಡೂ ಹೆಸರಿಗೆ ಇಬ್ಬರು, ನಡೆಯಲ್ಲಿ ಒಬ್ಬರೇ ಎಂದು ಕಂಡುಕೊಂಡು ಹೋಲ್ಡಿಂಗಿನ ಷೇರುಗಳ ಜಫ್ತಿಗೆ ದಾರಿ ಬಿಟ್ಟರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಲ್ಲೊಂದು ಸೂಕ್ಷ್ಮವಿದೆ. ಬಾರ್ಸಿಲೋನಾ ಟ್ರ್ಯಾಕ್ಷನ್ ತೀರ್ಪಿನಲ್ಲಿ ಕಂಪನಿಯನ್ನೂ ಅದರ ಒಡೆಯರನ್ನೂ ಬೇರ್ಪಡಿಸಿದ ಗೋಡೆ ಇಲ್ಲಿ ಪಿಡಿವಿಎಸ್‌ಎ ಮತ್ತು ಅದರ ಒಡೆಯನಾದ ರಾಜ್ಯದ ನಡುವೆ ಉರುಳಿತು. ಕ್ರಿಸ್ಟಲೆಕ್ಸ್ ಮತ್ತು ಅದರ ಷೇರುದಾರರ ನಡುವಣ ಗೋಡೆ ಮಾತ್ರ ನಿಂತೇ ಇತ್ತು.

‘ಬರಲಿಲ್ಲ’. ಇದನ್ನು ಎಚ್ಚರದಿಂದ ಓದಬೇಕು. ದುಡ್ಡು ಒಂದಿಷ್ಟೂ ಬರಲಿಲ್ಲವೆಂದರೆ ಅಸತ್ಯವಾಗುತ್ತದೆ. 2017ರ ಕೊನೆಗೆ ಆದ ರಾಜಿಯ ಪ್ರಕಾರ ವೆನೆಜುವೆಲಾ 2018ರೊಳಗೆ ಸುಮಾರು 50 ಕೋಟಿ ಡಾಲರಿನಷ್ಟನ್ನು ಕ್ರಿಸ್ಟಲೆಕ್ಸಿಗೆ ಕೊಟ್ಟಿತು. ಆಮೇಲೆ ಕಂತು ನಿಂತಿತು, ವ್ಯಾಜ್ಯ ಮತ್ತೆ ಡೆಲವೇರಿಗೆ ಮರಳಿತು. ಹಾಗಾದರೆ ಬಂದದ್ದನ್ನೂ ‘ಬರಲಿಲ್ಲ’ ಎಂದು ಮೂಲ ಹೇಳುವುದೇಕೆ? ಈ ಸೂತ್ರವನ್ನು ಆಡುವವನು ಷೇರುದಾರ. ಕಂಪನಿಗೆ ಬಂದದ್ದು ಅವನಿಗೆ ಬಂದಂತಲ್ಲ. ಇದರ ಕಾರಣವನ್ನು ಮೂರನೆಯ ಸಾಲು ಹೇಳುತ್ತದೆ.

‘ಮುಂದಿನವರು’. ಕನ್ನಡದಲ್ಲಿ ಮುಂದು ಎಂಬುದು ಕಾಲಕ್ಕೂ ಸ್ಥಾನಕ್ಕೂ ಸಲ್ಲುವ ಪದ. ಇಲ್ಲಿ ಸ್ಥಾನವನ್ನೇ ಹಿಡಿಯತಕ್ಕದ್ದು: ಪಂಕ್ತಿಯಲ್ಲಿ ನಮಗಿಂತ ಮೊದಲು ಎಲೆಯ ಮುಂದೆ ಕುಳಿತವರು. ಊಟದ ಮನೆಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಕೊನೆಯ ಪಂಕ್ತಿಗೆ ಪಾಯಸ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಡಿಸುವವರು ಕೆಟ್ಟವರೆಂದಲ್ಲ, ಕ್ರಮ ಹಾಗೆ. ಕ್ರಿಸ್ಟಲೆಕ್ಸಿನ ಕಥೆಯಲ್ಲಿ ಇಂಥ ಊಟದ ಮನೆ ಒಂದಲ್ಲ, ಎರಡು. ಒಂದು ಡೆಲವೇರಿನಲ್ಲಿ, ಇನ್ನೊಂದು ಟೊರಾಂಟೊದಲ್ಲಿ. ಎರಡರ ಕ್ರಮವನ್ನೂ ಬೇರೆ ಬೇರೆ ತಿಳಿಯದೆ ಈ ಸಾಲಿಗೆ ಅರ್ಥ ಹೇಳಲಾಗದು.

ಡೆಲವೇರಿನ ಪಂಕ್ತಿ ಲೋಕಕ್ಕೆ ಗೊತ್ತಿರುವುದು. ಸಿಟ್ಗೋ ಮಾರಿ ಬರುವ ಹಣಕ್ಕೆ ಎಲೆ ಹಾಕಿ ಕುಳಿತವರು ಹದಿನೈದರಷ್ಟು ಕಂಪನಿಗಳು. ಒಟ್ಟು ಬೇಡಿಕೆ ಸುಮಾರು 1,900 ಕೋಟಿ ಡಾಲರ್. ಮೊದಲು ಬಂದು ಜಫ್ತಿ ಆಜ್ಞೆ ಪಡೆದದ್ದರಿಂದ ಮೊದಲ ಎಲೆ ಕ್ರಿಸ್ಟಲೆಕ್ಸಿನದು. ಬಹಳ ಹಿಂದೆ ಗೋಲ್ಡ್ ರಿಸರ್ವ್ ಎಂಬ ಕಂಪನಿ. ಲಾಸ್ ಕ್ರಿಸ್ಟಿನಾಸಿನ ಬೇಲಿಗೆ ಹೊಂದಿದ ಲಾಸ್ ಬ್ರಿಸಾಸ್ ನೆಲವನ್ನು ಕಳೆದುಕೊಂಡು 2014ರಲ್ಲಿ 71.3 ಕೋಟಿ ಡಾಲರಿನ ತೀರ್ಪನ್ನು ಬಡ್ಡಿಸಹಿತ ಪಡೆದದ್ದು. ನೆಲದಲ್ಲಿ ನೆರೆಹೊರೆ, ಪಂಕ್ತಿಯಲ್ಲಿ ಒಂದು ಮೊದಲು, ಇನ್ನೊಂದು ಬಹಳ ಹಿಂದೆ. 2025ರ ಜುಲೈಯಲ್ಲಿ ಗೋಲ್ಡ್ ರಿಸರ್ವಿನ ಅಂಗಸಂಸ್ಥೆಯೇ ಸಿಟ್ಗೋ ಕೊಳ್ಳಲು ಇಟ್ಟ ಸುಮಾರು 738 ಕೋಟಿ ಡಾಲರಿನ ಸವಾಲನ್ನು ನ್ಯಾಯಾಲಯ ನೇಮಿಸಿದ ಮಾರಾಟಾಧಿಕಾರಿ ಶಿಫಾರಸು ಮಾಡಿದಾಗ ಅದರ ಷೇರುದಾರರ ಊಹೆಗೆ ಗರಿ ಮೂಡಿತು. ಆ ಅಂಕಿಗೆ ಹಿಂದೆ ಕುಳಿತ ಇನ್ನಷ್ಟು ಎಲೆಗಳಿಗೂ ಬಡಿಸುವ ಶಕ್ತಿಯಿತ್ತು. ಅನಂತರ ಎಲಿಯಟ್ ಎಂಬ ಹೂಡಿಕೆ ಸಂಸ್ಥೆಯ ಬಳಗದ ಅಂಬರ್ ಎನರ್ಜಿ ಸುಮಾರು 590 ಕೋಟಿಯ ಸವಾಲು ತಂದಿತು. ಅಂಕಿ ಚಿಕ್ಕದು, ಆದರೆ ಸಿಟ್ಗೋದ ಒಡೆತನವನ್ನೇ ಅಡವಿಟ್ಟುಕೊಂಡಿದ್ದ ಬಾಂಡುದಾರರೊಡನೆ ಅದು ರಾಜಿ ಮಾಡಿಕೊಂಡೇ ಬಂದಿತ್ತಾದ್ದರಿಂದ ವ್ಯವಹಾರ ಮುಗಿಯುವ ಖಾತ್ರಿ ಹೆಚ್ಚೆಂದು ಮಾರಾಟಾಧಿಕಾರಿ ಬಗೆದರು. 2025ರ ನವೆಂಬರಿನಲ್ಲಿ ಸ್ಟಾರ್ಕ್ ಅದನ್ನು ಒಪ್ಪಿದರು. ಕೊನೆಯ ಸಾಲಿನ ಎಲೆಗಳಿಗೆ ಅಷ್ಟರಲ್ಲಿ ಏನೂ ತಲಪದು. ಗೋಲ್ಡ್ ರಿಸರ್ವ್ ಮೇಲ್ಮನವಿ ಹೂಡಿತು.

ಇದನ್ನೆಲ್ಲ ಓದಿದ ಕ್ರಿಸ್ಟಲೆಕ್ಸಿನ ಷೇರುದಾರನು ‘ನಮ್ಮದು ಮೊದಲ ಎಲೆ’ ಎಂದು ನೆಮ್ಮದಿ ತಾಳುವುದು ಸಹಜ. ಆ ನೆಮ್ಮದಿಗೆ ಅಡ್ಡ ಬರುವುದು ಟೊರಾಂಟೊದ ಊಟದ ಮನೆ. ಕರಾರು ರದ್ದಾದ ವರ್ಷವೇ, 2011ರ ಡಿಸೆಂಬರಿನಲ್ಲಿ, ಕಂಪನಿ ಹಿಂದೆ ಎತ್ತಿದ್ದ 10 ಕೋಟಿ ಡಾಲರ್ ಸಾಲದ ಗಡುವು ತುಂಬಿತು. ಕಟ್ಟಲು ಹಣವಿರಲಿಲ್ಲ. ಒಂಟಾರಿಯೊ ಪ್ರಾಂತದ ನ್ಯಾಯಾಲಯದಲ್ಲಿ ಸಾಲಿಗರಿಂದ ರಕ್ಷಣೆ ಬೇಡಿತು. ರಕ್ಷಣೆ ದೊರೆತರೂ ವ್ಯಾಜ್ಯ ನಡೆಸಲು ದುಡ್ಡು ಬೇಕು. ಪಂಚಾಯ್ತಿಯ ವಕೀಲರಿಗೆ, ತಜ್ಞರಿಗೆ ಕೋಟಿಗಟ್ಟಲೆ. ಅದನ್ನು ಕೊಡಲು ಮುಂದೆ ಬಂದದ್ದು ನ್ಯೂಯಾರ್ಕಿನ ಟೆನರ್ ಕ್ಯಾಪಿಟಲ್. 2012ರಲ್ಲಿ ಅದು 3.6 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಬದಲಿಗೆ ಬಡ್ಡಿಯಲ್ಲದೆ, ಗೆದ್ದರೆ ಬರುವ ನಿವ್ವಳ ಹಣದಲ್ಲಿ ನೂರಕ್ಕೆ 35 ಪಾಲು. ಹಳೆಯ ಸಾಲಪತ್ರ ಹಿಡಿದವರು ವಿರೋಧಿಸಿದರು; ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ಅದೇ ವರ್ಷ ಸಾಲವನ್ನು ಎತ್ತಿಹಿಡಿಯಿತು. ವ್ಯಾಜ್ಯ ಬೆಳೆದಂತೆ ಇನ್ನಷ್ಟು ಸಾಲ ಬೇಕಾಯಿತು. ಟೆನರಿನ ಪಾಲು ಅರ್ಧವನ್ನೂ ದಾಟಿ ಹೋಯಿತು. ಟೆನರನ್ನು ದೂರುವುದು ನ್ಯಾಯವಲ್ಲ. ಸೋತಿದ್ದರೆ ಅದರ ದುಡ್ಡು ನೀರುಪಾಲಾಗುತ್ತಿತ್ತು. ಅದು ಕೊಡದಿದ್ದರೆ ತೀರ್ಪೇ ಇರುತ್ತಿರಲಿಲ್ಲ. ಆದರೆ ಕ್ರಮ ಹೀಗಾಯಿತು: ಮೊದಲು ವ್ಯಾಜ್ಯದ ವೆಚ್ಚ ಕೊಟ್ಟವರು, ಬಳಿಕ ಹಳೆಯ ಸಾಲ ಕೊಟ್ಟವರು ಬೆಳೆದ ಬಡ್ಡಿಸಹಿತ, ಎಲ್ಲರ ಹಿಂದೆ ಷೇರುದಾರರು. ಡೆಲವೇರಿನಲ್ಲಿ ಮೊದಲ ಎಲೆಗೆ ಬಿದ್ದ ಅನ್ನವನ್ನು ಟೊರಾಂಟೊದಲ್ಲಿ ಮತ್ತೆ ಪಂಕ್ತಿ ಹಾಕಿ ಹಂಚುತ್ತಾರೆ. ಮೊದಲ ಪಂಕ್ತಿಯ ಕೊನೆಯವರು ಎಂಬ ಸ್ಥಾನವೊಂದಿದ್ದರೆ ಅದು ಇವರದು.

‘ಉಂಡೆದ್ದ ಮೇಲೆ’. ಉಣ್ಣುವುದು, ಏಳುವುದು ಎಂಬ ಎರಡು ಕ್ರಿಯೆಗಳು ಇಲ್ಲಿ ಬೆಸೆದಿವೆ. ಉಂಡರೆ ಸಾಲದು, ಏಳಬೇಕು. ಎಂದರೆ ತಮ್ಮ ಬೇಡಿಕೆ ಪೂರ್ತಿ ತೀರಿತೆಂದು ಎಲೆ ಮಡಿಸಬೇಕು. ಬಡ್ಡಿ ದಿನದಿನವೂ ಬೆಳೆಯುವಲ್ಲಿ ಮುಂದಿನವರ ಹಸಿವೂ ದಿನದಿನ ಬೆಳೆಯುತ್ತದೆ. ತಡವು ಎಲ್ಲರಿಗೂ ಒಂದೇ ಅಲ್ಲ: ಮುಂದೆ ಕುಳಿತವನಿಗೆ ಅದು ಬಡ್ಡಿ, ಹಿಂದೆ ನಿಂತವನಿಗೆ ಸವೆತ. ಅಮೆರಿಕ ವೆನೆಜುವೆಲಾದ ಮೇಲೆ ಹೇರಿದ ನಿರ್ಬಂಧಗಳ ದೆಸೆಯಿಂದ ಹೋಲ್ಡಿಂಗಿನ ಷೇರು ಕೈ ಬದಲಾಗಲು ಆ ದೇಶದ ಖಜಾನೆ ಇಲಾಖೆಯ ಪರವಾನಗಿಯೂ ಬೇಕಾದ್ದರಿಂದ ತಡಕ್ಕೆ ಇನ್ನೊಂದು ಕದ ಕೂಡಿತು.

‘ಉಳಿದದ್ದು’. ಗಣಿತದಲ್ಲಿ ಶೇಷ. ಷೇರುದಾರರ ಊಹೆ ಬಹುಮಟ್ಟಿಗೆ ಭಾಗಾಕಾರದ ರೂಪದಲ್ಲಿ ನಡೆಯುತ್ತದೆ: ತೀರ್ಪು 120.2 ಕೋಟಿ ಡಾಲರ್, ಷೇರುಗಳು ಸುಮಾರು 36.5 ಕೋಟಿ, ಭಾಗಿಸಿದರೆ ಷೇರಿಗೆ ಸುಮಾರು 3 ಡಾಲರ್ 29 ಸೆಂಟ್. ಲೆಕ್ಕದಲ್ಲಿ ತಪ್ಪಿಲ್ಲ, ಕ್ರಮದಲ್ಲಿ ತಪ್ಪಿದೆ. ಮೊದಲು ವ್ಯವಕಲನ, ಆಮೇಲೆ ಭಾಗಾಕಾರ. ಕಳೆಯಬೇಕಾದ ಮೊತ್ತಗಳು ಬೆಳೆಯುತ್ತಲೇ ಇರುವಾಗ ಭಾಗಿಸಬೇಕಾದ್ದು ಯಾವುದೆಂದೇ ತಿಳಿಯದು. ಶೇಷ ಸೊನ್ನೆಯಾದಲ್ಲಿ ಷೇರುಗಳು 36.5 ಕೋಟಿಯಿದ್ದರೂ ಒಂದೇ ಇದ್ದರೂ ಉತ್ತರ ಒಂದೇ. ಶೇಷ ಎಂಬುದು ಕೈಗೆಟುಕಿದ ನಿದರ್ಶನವೂ ಇದೇ ಸೀಮೆಯಲ್ಲಿದೆ: ವೆನೆಜುವೆಲಾದೊಡನೆ ಮಾಡಿಕೊಂಡ ರಾಜಿಯಿಂದ ಸುಮಾರು 25 ಕೋಟಿ ಡಾಲರ್ ಪಡೆದ ಗೋಲ್ಡ್ ರಿಸರ್ವ್ 2019ರಲ್ಲಿ ತನ್ನ ಷೇರುದಾರರಿಗೆ ಷೇರಿಗೆ 76 ಸೆಂಟಿನಂತೆ ಬಂಡವಾಳ ಹಿಂದಿರುಗಿಸಿತು. ಬೇಲಿಯಾಚೆಯ ಈ 76 ಸೆಂಟು ಕ್ರಿಸ್ಟಲೆಕ್ಸಿನವರ ಊಹೆಗೆ ಎಷ್ಟು ಎಣ್ಣೆ ಎರೆದಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

‘ನಮ್ಮದು’. ತುಳುವಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡ ‘ನಮ’ ಬೇರೆ, ಅವನನ್ನು ಹೊರಗಿಟ್ಟ ‘ಎಂಕುಳು’ ಬೇರೆ. ತೆಲುಗಿನಲ್ಲಿಯೂ ‘ಮನ’ ಮತ್ತು ‘ಮಾ’ ಎಂಬ ಭೇದವಿದೆ. ಕನ್ನಡದ ‘ನಾವು’ ಎರಡನ್ನೂ ಒಂದೇ ಪಾತ್ರೆಯಲ್ಲಿ ಇಡುತ್ತದೆ. ಆದ್ದರಿಂದ ಮೂಲದ ‘ನಮ್ಮದು’ ಯಾರನ್ನು ಒಳಗೊಂಡಿದೆ ಎಂಬುದನ್ನು ಟೀಕೆಯೇ ಕೇಳಬೇಕು. 2007ರ ಹಿಗ್ಗಿನಲ್ಲಿ ಕೊಂಡವನೂ ಗಣಿ ಹೋದ ಮೇಲೆ ಸೆಂಟುಗಳಲ್ಲಿ ಕೊಂಡವನೂ ಒಂದೇ ‘ನಾವು’ ಆಗುವರೆ? ಕಾಗದದ ಲೆಕ್ಕಕ್ಕೆ ಹೌದು. ನಷ್ಟದ ಲೆಕ್ಕಕ್ಕೆ ಅಲ್ಲ. ಹೆಸರಿಗೂ ಬಾರದವರು ಬೇರೆ ಇದ್ದಾರೆ. ಆ ಸೀಮೆಯ ಪೆಮೋನ್ ಜನ, ಕಿಲೋಮೀಟರ್ 88ರ ಸಣ್ಣ ಗಣಿಗಾರರು. ಪರವಾನಗಿ ನಿರಾಕರಿಸುವಾಗ ಕಾಡನ್ನೂ ಮೂಲನಿವಾಸಿಗಳನ್ನೂ ಎತ್ತಿಹೇಳಿದ ಸರ್ಕಾರವೇ 2016ರಲ್ಲಿ ಒರಿನೋಕೊ ಗಣಿ ವಲಯವೆಂದು ಒಂದು ಲಕ್ಷ ಚದರ ಕಿಲೋಮೀಟರಿಗೂ ಮಿಗಿಲಾದ ನೆಲವನ್ನು ಗಣಿಗಾರಿಕೆಗೆ ತೆರೆಯಿತು. ಹೊಂಡದಲ್ಲಿ ನಿಂತ ನೀರು ಮಲೇರಿಯಾ ಸಾಕಿತು, ತೊರೆಗೆ ಪಾದರಸ ಇಳಿಯಿತು. ಡೆಲವೇರಿನ ಪಂಕ್ತಿಯಲ್ಲಾಗಲಿ ಟೊರಾಂಟೊದ ಪಂಕ್ತಿಯಲ್ಲಾಗಲಿ ಅವರಿಗೆ ಎಲೆ ಹಾಕಿಲ್ಲ. ‘ಉಳಿದದ್ದು ನಮ್ಮದು’ ಎನ್ನುವ ವಾಕ್ಯವನ್ನು ಅವರೂ ಆಡಬಲ್ಲರು. ಅವರ ಬಾಯಲ್ಲಿ ‘ಉಳಿದದ್ದು’ ಎಂದರೆ ಆ ಹೊಂಡ ಮತ್ತು ಆ ನೀರು.

‘ಕಾಗದ’. ಷೇರು ಪತ್ರ ಎಂದರ್ಥ. ಇಂದು ಅದು ಮುದ್ರಿತ ಹಾಳೆಯಲ್ಲ, ದಲ್ಲಾಳಿಯ ಖಾತೆಯಲ್ಲಿ ಒಂದು ನಮೂದು. ನಮ್ಮಲ್ಲಿ ಕಾಗದವೆಂದರೆ ಪತ್ರವೂ ಹೌದು, ಊರಿಂದ ಬರುವ ಸುದ್ದಿ. ಆ ಅರ್ಥವೂ ಇಲ್ಲಿ ಹೊಂದುತ್ತದೆ; ಷೇರುದಾರ ಹಿಡಿದಿರುವುದು ಇನ್ನೂ ಬಾರದ ಸುದ್ದಿಯನ್ನು.

‘ಕೈಯಲ್ಲಿರಲಿ’. ‘ಇರಲಿ’ ಎಂಬುದು ವಿಧ್ಯರ್ಥಕ ರೂಪ. ಆಶಯವನ್ನೂ ಹೇಳುತ್ತದೆ, ಅಪ್ಪಣೆಯನ್ನೂ ಹೇಳುತ್ತದೆ. ಕನ್ನಡಿಗರು ಮಾತಿನ ನಡುವೆ ‘ಇರಲಿ ಬಿಡಿ’ ಎಂದಾಗ ಅದೇ ರೂಪವು ಕೈಬಿಟ್ಟದ್ದನ್ನೂ ಸೂಚಿಸುತ್ತದೆ. ಇಟ್ಟುಕೊಳ್ಳುವುದು ಮತ್ತು ಬಿಟ್ಟುಬಿಡುವುದು ಒಂದೇ ಪದದಲ್ಲಿ ಇರುವಾಗ ಮೂಲಕಾರನು ಯಾವುದನ್ನು ಉದ್ದೇಶಿಸಿದ? ‘ಕೈಯಲ್ಲಿ’ ಎಂಬ ಸಪ್ತಮಿ ವಿಭಕ್ತಿ ಕೂಡಿರುವುದರಿಂದ ಇಟ್ಟುಕೊಳ್ಳುವ ಅರ್ಥವೇ ಮುಖ್ಯವೆಂದು ಹೇಳಬೇಕು. ಎಷ್ಟು ಕಾಲ ಇರಲಿ ಎಂಬುದಕ್ಕೆ ಸೂತ್ರದಲ್ಲಿ ಪದವಿಲ್ಲ. ಕರಾರಾದ 2002ರ ಸೆಪ್ಟೆಂಬರಿನಲ್ಲಿ ಈ ಕಾಗದ ಕೊಂಡವನಿಗೆ ಆಗ ಐವತ್ತು ವಯಸ್ಸಾಗಿದ್ದರೆ, ಸಿಟ್ಗೋ ಮಾರಾಟಕ್ಕೆ ಸ್ಟಾರ್ಕ್ ಒಪ್ಪಿದ 2025ರ ನವೆಂಬರಿಗೆ ಎಪ್ಪತ್ತಮೂರು.